ಸಂಬಳಕ್ಕೇ ಬಂದಿದ್ದೆ, ಅಮ್ಮ

ನಾನು ಸರ್ಕಾರಿ ನೌಕರಿಗೆ ಸೇರಿದ್ದೇ ತಡವಾಗಿ. ನಿವೃತ್ತಿ ಹತ್ತಿರ ಬಂದಾಗ ಗೊತ್ತಾಯಿತು, ಪಿಂಚಣಿಗೆ ಬೇಕಾದ ಕನಿಷ್ಠ ಸೇವೆಗೆ ಒಂದು ವರ್ಷ ಕಡಿಮೆ ಬೀಳುತ್ತಿದೆ. ಆ ಒಂದು ವರ್ಷ ನನ್ನ ಬಳಿ ಇತ್ತು. ನೌಕರಿಗೆ ಮುಂಚೆ ಸರ್ಕಾರದ ಫೆಲೋಶಿಪ್ ಮೇಲೆ ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿದ್ದೆ. ಪವರ್‌ಲೂಮ್ ಸದ್ದಿಗೆ ಕಿವಿ ಮಂದವಾದ ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಉಳಿದವರಿಗೆ ಕಿವಿ ಕಾಪಾಡಿಕೊಳ್ಳಿ ಎಂದು ಗೋಗರೆಯುವುದು ನನ್ನ ಕೆಲಸ. ಆ ಅವಧಿಯನ್ನೂ ಸೇವೆಗೆ ಸೇರಿಸಬಹುದಂತೆ. ಆದರೆ ಹಳೆಯ ಕಡತ ಸಿಗಲಿಲ್ಲ. ತಿಂಗಳ ಭತ್ಯೆಗೆ ಪೂರ್ತಿ ದಿನ ದುಡಿದಿದ್ದೆ ಎಂದು ಅಲ್ಲಿನವರೇ ಬರೆದುಕೊಡಬೇಕಾಯಿತು.

ಬರೆದುಕೊಡಬೇಕಾದವರು ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ. ಆಗ ನನಗೆ ಕೋಣೆ ಕೊಟ್ಟಿದ್ದ ಮನೆಯ ಅಮ್ಮ ಅವರೇ. ಬಾಡಿಗೆ ಕೊಡಲು ಹೋದರೆ ನನ್ನ ಕೈಯನ್ನೇ ತಳ್ಳಿಬಿಡುತ್ತಿದ್ದರು. ಅವರ ಸೊಸೆಗೆ ಫೋನ್ ಮಾಡಿ ಕೇಳಿಕೊಂಡೆ, ಪತ್ರ ಬಂತು. ‘ಇವರು ಒಂದು ಪೈಸೆಯನ್ನೂ ಬಯಸದೆ, ಮನೆಮಗಳಂತೆ ನಿಸ್ವಾರ್ಥ ಸೇವೆ ಸಲ್ಲಿಸಿದ್ದಾರೆ.’ ಓದಿ ನನ್ನ ಕಣ್ಣು ತುಂಬಿತು. ಕಚೇರಿಯ ಗುಮಾಸ್ತ ಓದಿ ಕನ್ನಡಕ ತೆಗೆದ.

“ಮೇಡಂ, ಪುಗಸಟ್ಟೆ ಮಾಡಿದ್ದು ಪುಣ್ಯದ ಲೆಕ್ಕಕ್ಕೆ ಹೋಗುತ್ತೆ, ಪಿಂಚಣಿ ಲೆಕ್ಕಕ್ಕೆ ಬರಲ್ಲ. ಬೇರೆ ಬರೆಸ್ಕೊಂಡು ಬನ್ನಿ.”

ದೊಡ್ಡಬಳ್ಳಾಪುರದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಕಾಫಿ ಕುಡಿಯುತ್ತಾ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಅಮ್ಮನಿಗೆ ಕಿವಿ ಪೂರ್ತಿ ಮಂದವಾಗಿದೆ, ಒಳಗೆ ಮಗ್ಗ ಓಡುತ್ತಿದೆ. ಮೆಲ್ಲಗೆ ಹೇಳಿದ್ದು ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರು ಕಿವಿಗೆ ಕೈ ಅಡ್ಡ ಹಿಡಿದರು.

“ನಾನು ಸಂಬಳಕ್ಕೇ ಬಂದಿದ್ದೆ ಅಮ್ಮಾ! ತಿಂಗ್ಳು ತಿಂಗ್ಳೂ ದುಡ್ಡು ತಗೊಂಡಿದ್ದೀನಿ! ಹಂಗಂತ ಬರ್ಕೊಡಿ!”

ಎದುರುಮನೆಯವರು ಬಾಗಿಲಿಗೆ ಬಂದರು. ಮನೆಮಗಳು ಎಂದವರ ಮುಂದೆ ಕೂಲಿಯ ಮಾತನ್ನು ಕಿರುಚಿ ಹೇಳುವಂತಾಯಿತಲ್ಲ ಎಂದು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಮ್ಮ ಒಳಗಿದ್ದ ಮಗನಿಗೆ ಕೈಸನ್ನೆ ಮಾಡಿ ಮಗ್ಗ ನಿಲ್ಲಿಸಿದರು.

“ದುಡ್ಡು ಕೊಡ್ತಿದ್ರಾ? ನಿಜವಾಗ್ಲೂ?”

ತಲೆಯಾಡಿಸಿದೆ.

“ಅಯ್ಯೋ ತಾಯಿ, ಆಗ್ಲೇ ಹೇಳ್ಬಾರ್ದಾಗಿತ್ತಾ! ಯಾರ ಮನೆ ಹೆಣ್ಮಗಳೋ ಏನೋ, ಪುಗಸಟ್ಟೆ ದುಡಿಸ್ಕೊಂಡ್ಬಿಟ್ವಲ್ಲಾ ಅಂತ ಇಷ್ಟು ವರ್ಷ ಸಂಕಟಪಟ್ಟಿದ್ದೀನಿ ಕಣಮ್ಮ. ಅದಕ್ಕೇ ನಿನ್ ಬಾಡಿಗೆ ಮುಟ್ಲಿಲ್ಲ.”

ಅವರ ಮುಖ ಹಗುರಾಗಿದ್ದನ್ನು ಕಂಡು ನನಗೆ ಅಳು ಬಂತು. ಸೊಸೆ ಹೊಸ ಪತ್ರ ಬರೆದಳು, ಅಮ್ಮ ಸಂಘದ ಮೊಹರು ಒತ್ತಿದರು. ‘ಮನೆಮಗಳಂತೆ’ ಎಂಬ ಮಾತನ್ನು ಮಾತ್ರ ತೆಗೆಯಲು ಬಿಡಲಿಲ್ಲ. “ಸಂಬಳ ತಗೊಂಡ್ರೆ ಮಗಳಲ್ವಾ?” ಎಂದರು. ಗುಮಾಸ್ತನೂ ತಕರಾರು ಮಾಡಲಿಲ್ಲ.

ಆ ವರ್ಷ ಸೇವೆಗೆ ಸೇರಿತು. ಮೊದಲ ಪಿಂಚಣಿ ಬಂದಾಗ ಸಿಹಿ ಹಿಡಿದುಕೊಂಡು ಹೋದೆ. ಅಮ್ಮ ಜಗಲಿಯ ಮೇಲಿದ್ದರು, ಒಳಗೆ ಮಗ್ಗ ಓಡುತ್ತಿತ್ತು.

“ಬಂತಾ?” ಎಂದರು.

“ಬಂತು ಅಮ್ಮಾ!” ಎಂದೆ, ಬೀದಿಗೆಲ್ಲ ಕೇಳಿಸಲಿ ಎಂದೇ.