ಟಗರಿನ ಕಣ್ಣು ಹಿಡಿದ ಕ್ಯಾಮೆರಾ

ದೇವದುರ್ಗದಲ್ಲಿ ಮದುವೆ ಫೋಟೋ ತೆಗೆಯುವ ನನಗೆ ಒಂದು ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಬೇಕಾಗಿತ್ತು. ಎರಡು ಮಾಡೆಲ್‌ಗಳಲ್ಲಿ ಯಾವುದೆಂದು ತೀರ್ಮಾನವಾಗಲಿಲ್ಲ. ವಿಡಿಯೊ ನೋಡಿದಷ್ಟೂ ಗೊಂದಲ ಹೆಚ್ಚಾಗಿ, ಕೊನೆಗೆ ರಾಯಚೂರಿನಲ್ಲಿ ಎರಡನ್ನೂ ಬಾಡಿಗೆಗೆ ತಂದೆ. ಜೊತೆಗೆ ಮಾನ್ವಿಯ ಗೆಳೆಯನಿದ್ದ. ಅವನದೂ ನನ್ನದೇ ಕಸುಬು.

ವಾಪಸ್ ಬರುವಾಗ ಕಲ್ಮಲದ ಹತ್ತಿರ ಗಂಡ ಹೆಂಡತಿ ಕುರಿ ಮೇಯಿಸುತ್ತಿದ್ದರು. ಗಂಡ ದೊಡ್ಡ ಟಗರೊಂದನ್ನು ಹಿಡಿದು ನಿಂತಿದ್ದ. ಕೇಳಿಕೊಂಡು ಎರಡೂ ಕ್ಯಾಮೆರಾದಲ್ಲಿ ಅವನ ಫೋಟೋ ತೆಗೆದೆ. ಒಂದು ಕ್ಯಾಮೆರಾ ಅವನ ಮುಖಕ್ಕೆ ಫೋಕಸ್ ಮಾಡಿತು. ಇನ್ನೊಂದು ಎಷ್ಟು ಸಲ ಒತ್ತಿದರೂ ಟಗರಿನ ಕಣ್ಣನ್ನೇ ಹಿಡಿಯಿತು. ಹಿಂದೆ ಅವನು ಮಂಜು ಮಂಜಾಗಿ ಕಂಡ.

“ಇದು ಮದುವಿಗೆ ಬ್ಯಾಡಪಾ,” ಎಂದ ಗೆಳೆಯ. “ಮದುಮಗ ಕುದುರಿ ಏರಿದ್ರ ಬರೇ ಕುದುರಿ ಫೋಟೋ ಬರ್ತದ.”

ಕುರಿಗಾಹಿ ಎರಡೂ ಫೋಟೋ ನೋಡಿ, ತನ್ನ ಮುಖ ಸ್ಪಷ್ಟವಾಗಿದ್ದುದನ್ನು ಹೆಂಡತಿಗೆ ತೋರಿಸಿದ. “ಇದು ಚಲೋ ಬಂದದ ನೋಡು.”

ಅವಳು ಇನ್ನೊಂದರ ಮೇಲೆ ಬೆರಳಿಟ್ಟಳು. “ನಿಮ್ಮ ಮಾರಿ ದಿನಾ ನೋಡ್ತೀನಿ. ಅಣ್ಣಾ, ಟಗರಿಂದು ನನ್ನ ಫೋನಿಗೆ ಕಳಸ್ರಿ.”

ಅವನಿಗೆ ಬೇಸರವೇನೂ ಆಗಲಿಲ್ಲ. ಬಗ್ಗಿ ಮತ್ತೊಮ್ಮೆ ನೋಡಿ, “ಕಣ್ಣಂತೂ ಭಾಳ ಚಂದ ಬಂದಾವ,” ಎಂದು ಟಗರಿನ ಬೆನ್ನು ತಟ್ಟಿದ.

ನಾನು ಮುಖ ಹಿಡಿದ ಕ್ಯಾಮೆರಾವನ್ನೇ ಕೊಂಡೆ. ಮುಂದಿನ ವಾರ ಗೆಳೆಯ ಟಗರಿನ ಕಣ್ಣು ಹಿಡಿದದ್ದನ್ನು ಕೊಂಡ. ಯಾಕೆಂದು ಕೇಳಿದೆ.

“ಅದ್ರಾಗ ಪ್ರಾಣಿ ಕಣ್ಣು ಹಿಡಿಯೋ ಸೆಟ್ಟಿಂಗ್ ಇತ್ತು, ಬದಲಿ ಮಾಡಿದ್ರ ಮನುಷ್ಯಾರೂ ಬರ್ತಾರ,” ಎಂದ. “ಅವತ್ತು ನಾವಿಬ್ರೂ ನೋಡಿದ್ದಿಲ್ಲ.”