ಶಾಂತವೋ ದುಃಖವೋ: ಕಿವಿಯಕ್ಕನಿಗೆ ಬಗೆಹರಿಯದ ಒಂದು ತುಣುಕು

ಕೆಳಗಿನ ಟೈರ್ ಅಂಗಡಿಯವನು ಶಟರ್ ಎತ್ತುವ ಮುನ್ನ ಈಕೆಯ ಅರ್ಧ ಕೆಲಸ ಮುಗಿದಿರಬೇಕು. ಗಾಳಿ ತುಂಬುವ ಯಂತ್ರ ಗುಡುಗಲು ಶುರುವಾದರೆ ಮಹಡಿಯ ನೆಲವೂ ಅದುರುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೇ ಮೆಟ್ಟಿಲು ಹತ್ತಿ ಬರುತ್ತಾರೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಕೈಗಡಿಯಾರ ಬಿಚ್ಚಿ ಪರ್ಸಿನೊಳಗೆ ಹಾಕುತ್ತಾರೆ. "ಅದರ ಟಿಕ್ ಟಿಕ್ ಒಂದು ಕಡೆ ಎಳೆದ್ರೆ ಹಾಡು ಇನ್ನೊಂದು ಕಡೆ ಎಳಿಯುತ್ತೆ" ಎನ್ನುತ್ತಾ ಹೆಡ್‌ಫೋನ್ ಏರಿಸಿಕೊಂಡು ಕಣ್ಣು ಮುಚ್ಚುತ್ತಾರೆ. ಬಲಗೈ ತೋರುಬೆರಳು ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗುತ್ತದೆ.

ಇದು ಸಂಗೀತದ ತುಣುಕುಗಳನ್ನು ಕೂಡಿಟ್ಟು ಬಾಡಿಗೆಗೆ ಕೊಡುವ ಕಂಪನಿ. ಹೋಟೆಲಿನವರು, ಜಾಹೀರಾತಿನವರು, ಸಿನಿಮಾದವರು, ಆಸ್ಪತ್ರೆಯವರು ತಮಗೆ ಬೇಕಾದ್ದನ್ನು ಇಲ್ಲಿ ಹುಡುಕಿ ಒಯ್ಯುತ್ತಾರೆ. ಹುಡುಕಿದವರಿಗೆ ಸಿಗಬೇಕಾದರೆ ಪ್ರತಿ ತುಣುಕಿಗೂ ಮೂರು ಗುರುತು ಬೇಕು: ಗತಿ ಎಷ್ಟು, ಸ್ವರಗಳ ಸ್ಕೇಲ್ ಯಾವುದು, ಭಾವ ಏನು. ವಾದ್ಯವೃಂದಗಳ ಚಿಕ್ಕ ಚಿಕ್ಕ ಧ್ವನಿಮುದ್ರಣಗಳಿಗೆ ಆ ಗುರುತು ಹಚ್ಚುವವರು ಇವರು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ 'ಕಿವಿಯಕ್ಕ'. ದಿನಕ್ಕೆ ನಲವತ್ತು ತುಣುಕು ದಾಟಿಸಿದರೆ ಮನೆಗೆ ಹೋಗಬಹುದು.

"ಗತಿಗೆ ಬೆರಳಿದೆ. ಸ್ಕೇಲ್‌ಗೆ ಪಕ್ಕದಲ್ಲಿ ಕೀಬೋರ್ಡಿದೆ, ಒತ್ತಿ ನೋಡ್ತೀನಿ. ಭಾವಕ್ಕೆ ಏನಿದೆ ಹೇಳಿ?" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನನ್ನೇ ಕೇಳುತ್ತಾರೆ.

ಇಲ್ಲಿಗೆ ಬರುವ ಮೊದಲು ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಓದಿಸಿದ್ದು ಆ ಕೆಲಸವೇ. ಎಕ್ಸ್‌ಚೇಂಜ್ ಮುಚ್ಚಿದಾಗ ಕೈಯಲ್ಲಿದ್ದದ್ದು ಚುರುಕು ಕಿವಿ, ಬಾಲ್ಯದಲ್ಲಿ ಕಲಿತ ಅಷ್ಟಿಷ್ಟು ಪಿಟೀಲು. ಅವೆರಡೂ ಇಲ್ಲಿ ಅನ್ನ ಕೊಟ್ಟವು. ಬದಲಿಗೆ ಎಡಗಿವಿಯಲ್ಲಿ ಬಿಡದ ಗುಂಯ್‌ಗುಟ್ಟುವಿಕೆ ಬಂದಿದೆ. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವ ಮುಂಚೆ ತಮ್ಮನ ಹೆಂಡತಿ ಕೂಗಿ ಹೇಳಬೇಕು. ಇಲ್ಲದಿದ್ದರೆ ಇವರು ಕೂತಲ್ಲೇ ಬೆಚ್ಚಿಬೀಳುತ್ತಾರೆ. "ಮದುವೆ ಯಾಕಾಗ್ಲಿಲ್ಲ ಅಂತ ಜನ ಕೇಳ್ತಾರೆ. ಗೊರಕೆ ತಡ್ಕೊಳಕ್ಕಾಗಲ್ಲ ಅಂತೀನಿ" ಎಂದು ನಗುತ್ತಾರೆ.

ಕಳೆದ ವರ್ಷ ಆ ತಮ್ಮನಿಗೇ ಎದೆಯ ಆಪರೇಷನ್ ಆಯಿತು. ನಾದಿನಿ ಮಕ್ಕಳ ಜೊತೆ ಮನೆಯಲ್ಲಿ, ಅಕ್ಕ ಒಬ್ಬರೇ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ. ಗೋಡೆಯ ಮೇಲಿನ ಸ್ಪೀಕರಿನಲ್ಲಿ ಪಿಟೀಲುಗಳು ನಿಧಾನವಾಗಿ ಎದ್ದವು, ಅವುಗಳ ಮೇಲೆ ಒಂದೇ ಒಂದು ಕೊಳಲು. ಕೇಳಿದ ಕೂಡಲೇ ಗುರುತು ಸಿಕ್ಕಿತು. ತಾವೇ ಭಾವ ಬರೆದಿದ್ದ ತುಣುಕು. ಬರೆದಿದ್ದು 'ಶಾಂತ' ಎಂದು.

"ಆ ಕೊಳಲು ಯಾರನ್ನೋ ಕರ್ಕೊಂಡು ಹೋಗೋಕೆ ಬಂದ ಹಾಗೆ ಕೇಳಿಸ್ತು. ಇದನ್ನ ಶಾಂತ ಅಂತ ಬರ್ದವಳು ನಾನೇನಾ ಅನ್ನಿಸ್ತು."

ನಿಲ್ಲಿಸಿ ಎಂದು ಹೇಳಲು ಕೌಂಟರಿನತ್ತ ಎದ್ದರು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗು ಹಿಡಿದು ತಡೆದರು. ಅವರ ಮಗಳು ಬಹಳ ದಿನದಿಂದ ಒಳಗಿನ ವಾರ್ಡಿನಲ್ಲಿದ್ದಳು. "ಇರ್ಲಿ ಬಿಡಮ್ಮ, ಇದೊಂದು ಬಂದಾಗಲೇ ನನಗೆ ಉಸಿರು ಹಗುರ ಆಗೋದು." ಕಿವಿಯಕ್ಕ ಮತ್ತೆ ಕೂತರು.

ತಮ್ಮ ಹುಷಾರಾದ. ಕೆಲಸಕ್ಕೆ ಮರಳಿದವರು ಮೊದಲು ಹುಡುಕಿದ್ದು ಅದೇ ತುಣುಕನ್ನು. ಗತಿ ಸರಿಯಿತ್ತು, ಸ್ಕೇಲ್ ಸರಿಯಿತ್ತು. ಶಾಂತ ಮಾತ್ರ ಎಲ್ಲೂ ಕೇಳಿಸಲಿಲ್ಲ. ಮ್ಯಾನೇಜರ ಬಳಿ ಹೋದರು.

"ಅಕ್ಕ, ಶಾಂತ ಅಂತ ನೀವೇ ಬರ್ದಿದ್ರಿ" ಎಂದರು ಮ್ಯಾನೇಜರು.

"ಆವಾಗ ನಮ್ಮನೇಲಿ ಎಲ್ಲರೂ ಚೆನ್ನಾಗಿದ್ರು ಸಾರ್."

"ಹಾಗಾದ್ರೆ ಖಾಲಿ ಬಿಡ್ತೀರಾ? ಭಾವ ಇಲ್ಲದಿದ್ರೆ ಅದು ಯಾರ ಕಣ್ಣಿಗೂ ಬೀಳಲ್ಲ. ನುಡಿಸಿದವರ ಶ್ರಮ ನೀರಲ್ಲಿ ಹೋಮ ಆಗುತ್ತೆ. ಏನಾದ್ರೂ ಒಂದು ಬರೀರಿ."

'ದುಃಖ' ಎಂದು ಬದಲಿಸಿದರು. ಮನಸ್ಸು ನಿರಾಳವಾಯಿತು ಎಂದುಕೊಂಡರು. ಕೆಲವು ವಾರಗಳ ನಂತರ ತಮ್ಮನ ತಪಾಸಣೆಗೆ ಅದೇ ಆಸ್ಪತ್ರೆಗೆ ಹೋದಾಗ ಅಜ್ಜಿ ಅದೇ ಬೆಂಚಿನ ಮೇಲಿದ್ದರು, ಮೊದಲಿಗಿಂತ ಇಳಿದುಹೋಗಿದ್ದರು. ಕಿವಿಯಕ್ಕನನ್ನು ಕಂಡವರೇ ಕೇಳಿದರು: "ನೀನಾದ್ರೂ ವಿಚಾರಿಸ್ತೀಯಾ ತಾಯಿ? ಆ ಕೊಳಲಿನದ್ದು ಈಗ ಬರೋದೇ ಇಲ್ಲ. ಎಚ್ಚರ ತಪ್ಪಿದ್ದ ನನ್ನ ಮಗಳು ಮೊದಲ ಸಲ ಕಣ್ಣು ಬಿಟ್ಟಳು ಅಂತ ನರ್ಸಮ್ಮ ಬಂದು ಹೇಳಿದಾಗ ಅದೇ ಬರ್ತಾ ಇತ್ತು."

ಆಸ್ಪತ್ರೆಯವರು ತರಿಸಿಕೊಳ್ಳುವುದು 'ಶಾಂತ' ಎಂದು ಬರೆದವನ್ನು ಮಾತ್ರ. ಅಜ್ಜಿಯ ಹಾಡನ್ನು ಅಲ್ಲಿಂದ ಕಿತ್ತವರು ತಾವೇ ಎಂದು ಕಿವಿಯಕ್ಕನಿಗೆ ಅಲ್ಲೇ ಹೊಳೆಯಿತು. ತಮ್ಮನನ್ನು ಮನೆಗೆ ಬಿಟ್ಟು ನೇರ ಆಫೀಸಿಗೆ ಬಂದು ಮತ್ತೆ 'ಶಾಂತ' ಎಂದು ಬರೆದರು. ಮ್ಯಾನೇಜರು ಹಣೆ ಚಚ್ಚಿಕೊಂಡರು. ತುಣುಕು ಕಾಯುವ ಕೋಣೆಗೆ ಮರಳಿತು. ಅಜ್ಜಿಯ ಮಗಳು ಕೊನೆಗೆ ಕೋಲು ಹಿಡಿದು ನಡೆದುಕೊಂಡೇ ಮನೆಗೆ ಹೋದಳಂತೆ.

"ಆದ್ರೆ ನನಗೆ ಈಗ್ಲೂ ಅದು ಶಾಂತ ಅಲ್ಲ. ಸುಳ್ಳು ಬರ್ದಿದೀನಾ, ನಿಜ ಬರ್ದಿದೀನಾ ಗೊತ್ತಿಲ್ಲ. ಯಾವ ಹೊಸ ತುಣುಕು ಬಂದ್ರೂ ಇದೇ ಗೋಳು. ಇದನ್ನ ಕೇಳೋವ್ರು ಆವತ್ತು ಎಲ್ಲಿ ಕೂತಿರ್ತಾರೋ ಅಂತ ಕೈ ಹಿಂದೆಮುಂದೆ ನೋಡುತ್ತೆ." ಮೊದಲು ಹೊತ್ತಿಗೆ ಮುಂಚೆ ಮುಗಿಯುತ್ತಿದ್ದ ಕೆಲಸ ಈಗ ಸಂಜೆಗೆ ಜಗ್ಗುತ್ತದೆ.

ಹೆಡ್‌ಫೋನನ್ನು ನನ್ನ ಕಿವಿಗಿಟ್ಟು ಆ ತುಣುಕು ಕೇಳಿಸಿದರು. ಮುಗಿದ ಮೇಲೆ ಏನು ಅನ್ನಿಸಿತು ಎಂದರು. ಮೊದಲು ಸಮಾಧಾನ, ನಡುವೆ ಏನೋ ತಳಮಳ, ಕೊನೆಗೆ ಏನೆಂದು ಹೇಳಲಾರೆ ಎಂದೆ.

"ಸದ್ಯ, ನಾನೊಬ್ಬಳೇ ಅಲ್ಲ" ಎಂದು ಉಸಿರುಬಿಟ್ಟರು.

ಇಷ್ಟು ವರ್ಷದಲ್ಲಿ ವಾದ್ಯವೃಂದವೊಂದನ್ನು ಅವರು ಎದುರಿಗೆ ಕಂಡಿಲ್ಲ. ಏನಾದರೂ ಆಸೆ ಉಂಟೇ ಎಂದು ಕೇಳಿದೆ. ಕೆಳಗೆ ಯಂತ್ರ ಗುಡುಗತೊಡಗಿತ್ತು. ಅದು ನಿಂತ ಮೇಲೆ ಹೇಳಿದರು:

"ಒಂದ್ಸಲ ಅವರೆಲ್ಲ ನುಡಿಸೋದನ್ನ ಮುಂದಿನ ಸಾಲಲ್ಲಿ ಕೂತು ಕೇಳ್ಬೇಕು. ಆವತ್ತು ಮಾತ್ರ ಹೇಗಿತ್ತು ಅಂತ ಯಾರೂ ನನ್ನನ್ನ ಕೇಳ್ಬಾರ್ದು."