ಪಕ್ಕದಲ್ಲಿ ಕೂತವರ ಕಿವಿ

2002ರಲ್ಲಿ ನಾನು ಆಸ್ಟಿನ್ ನಗರದ ಉತ್ತರ ಭಾಗದಲ್ಲಿದ್ದ ಒಂದು ಲೌಡ್‌ಸ್ಪೀಕರ್ ಕಂಪನಿಯಲ್ಲಿ ಲಿಸನಿಂಗ್ ಲ್ಯಾಬಿನ ಮುಖ್ಯಸ್ಥೆಯಾಗಿದ್ದೆ. ಕಂಪನಿ ತಯಾರಿಸುತ್ತಿದ್ದುದು ಮನೆಯಲ್ಲಿಟ್ಟು ಸಂಗೀತ ಕೇಳುವ ದೊಡ್ಡ ಸ್ಪೀಕರುಗಳನ್ನು. ಅವು ಮಾರುಕಟ್ಟೆಗೆ ಹೋಗುವ ಮುಂಚೆ ಮನುಷ್ಯರ ಕಿವಿಗೆ ಒಡ್ಡಿ ಪರೀಕ್ಷಿಸುವುದು ನನ್ನ ಕೆಲಸ. ಇದನ್ನು ಬ್ಲೈಂಡ್ ಟೆಸ್ಟ್ ಎನ್ನುತ್ತಾರೆ. ಕಪ್ಪು ಬಟ್ಟೆಯ ಹಿಂದೆ ಬೇರೆ ಬೇರೆ ಸ್ಪೀಕರುಗಳನ್ನಿಟ್ಟು, ಎಲ್ಲದರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ನುಡಿಸುತ್ತೇವೆ. ಯಾವುದು ನುಡಿಯುತ್ತಿದೆ ಎಂದು ತಿಳಿಯದೆ ಕೇಳುಗ ಅಂಕ ಕೊಡಬೇಕು. ಮೈಸೂರಿನಲ್ಲಿ ಓದಿ ಬಂದ ನನಗೆ ಆ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚೇ ಜಂಬವಿತ್ತು.

ಆ ವರ್ಷದ ಆರಂಭದಲ್ಲಿ ಹೊಸ ಮಾಡೆಲ್ಲಿನ ನಲವತ್ತು ಜೋಡಿಗಳನ್ನು ಡಾಲಸ್ ಮತ್ತು ಹ್ಯೂಸ್ಟನ್‌ನ ಅಂಗಡಿಗಳ ಮೂಲಕ ಗಿರಾಕಿಗಳ ಮನೆಗೆ ಪ್ರಯೋಗಕ್ಕೆಂದು ಕೊಟ್ಟಿದ್ದೆವು. ಒಂದು ತಿಂಗಳಲ್ಲಿ ಹನ್ನೊಂದು ದೂರು ಬಂದವು. ಅವುಗಳಲ್ಲಿ ಒಂಬತ್ತರ ಧಾಟಿ ಒಂದೇ. ಡಾಲಸ್ ಬಳಿಯ ಅಲೆನ್ ಎಂಬ ಊರಿನ ಒಂದು ಮನೆಯಿಂದ ಬಂದ ಚೀಟಿಯಲ್ಲಿ ಹೀಗಿತ್ತು: ಗಂಡನಿಗೆ ಬಹಳ ಇಷ್ಟವಾಗಿದೆ, ಹೆಂಡತಿ ಅರ್ಧ ಗಂಟೆಗೆಲ್ಲ ತಲೆನೋವು ಎಂದು ಆಫ್ ಮಾಡಿಸುತ್ತಾರೆ.

ಮೀಟಿಂಗಿನಲ್ಲಿ ಅದನ್ನು ಓದಿದಾಗ ಎಲ್ಲರೂ ನಕ್ಕರು. ನಮ್ಮ ದಂಧೆಯಲ್ಲಿ 'ಹೆಂಡತಿಯ ಪರ್ಮಿಷನ್' ಅನ್ನುವುದು ಸವಕಲು ಜೋಕು. ಹೆಂಡತಿಗೆ ಸದ್ದು ಗೊತ್ತಾಗುವುದಿಲ್ಲ, ಅವಳಿಗೆ ಪೆಟ್ಟಿಗೆಯ ಬಣ್ಣ ಕರ್ಟನ್ನಿಗೆ ಹೊಂದಿದರೆ ಸಾಕು ಎಂಬುದು ಅದರ ಅರ್ಥ. ಅವಳಿಗೆ ಗಂಡನ ಹವ್ಯಾಸ ಕಂಡರಾಗದು, ತಲೆನೋವು ಒಂದು ನೆಪ ಎಂದು ಮಾತು ಮುಗಿಯಿತು. ಆ ಕೋಣೆಯಲ್ಲಿದ್ದ ಒಬ್ಬಳೇ ಹೆಂಗಸು ನಾನು. ನಾನೂ ನಕ್ಕೆ, ಒಂಬತ್ತು ಚೀಟಿಗಳನ್ನೂ ಡ್ರಾಯರಿಗೆ ತುರುಕಿದೆ.

ಕೊನೆಯ ಸುತ್ತಿನ ಪರೀಕ್ಷೆಗೆ ಹೊರಗಿನ ಹವ್ಯಾಸಿಗಳನ್ನು ಕರೆಯುತ್ತಿದ್ದೆವು. ಅವರಲ್ಲೊಬ್ಬ ಶ್ರೀಕಾಂತ್. ಬೆಂಗಳೂರಿನವನು, ಚಿಪ್ ಡಿಸೈನ್ ಎಂಜಿನಿಯರ್, ಆಸ್ಟಿನ್ ಹೊರವಲಯದ ಲಿಯಾಂಡರ್‌ನಲ್ಲಿ ಹೊಸ ಮನೆ ಕೊಂಡಿದ್ದ. ಆ ಮನೆಯ ಅತ್ಯುತ್ತಮ ಕೋಣೆ ಅವನ ಸ್ಪೀಕರುಗಳಿಗೆ ಮೀಸಲು. ಕೋಣೆಯ ನಟ್ಟನಡುವೆ ಒಂದೇ ಒಂದು ಕುರ್ಚಿ, ಅದರಲ್ಲಿ ಅವನು. ಊಟಕ್ಕೆ ಹೋದಾಗ ಗಂಡಸರು ಒಬ್ಬೊಬ್ಬರಾಗಿ ಆ ಕುರ್ಚಿಯಲ್ಲಿ ಕೂತು "ವ್ಹಾ" ಅನ್ನುವುದನ್ನು ಕಂಡಿದ್ದೆ. ಅವನ ಹೆಂಡತಿ ವಸುಧಾ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು, ಇಲ್ಲವೇ ಅಡುಗೆಮನೆಯಲ್ಲಿರುತ್ತಿದ್ದಳು. ಹುಬ್ಬಳ್ಳಿಯ ಹುಡುಗಿ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಬಂದದ್ದು ಎಚ್-4 ವೀಸಾದಲ್ಲಿ. ಎಂದರೆ ಗಂಡನ ಜೊತೆ ಇರಬಹುದು, ದುಡಿಯುವಂತಿಲ್ಲ.

"ಮೇಡಂ, ಇವಳಿಗೆ ಮಿಕ್ಸಿ ಸದ್ದಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ" ಎಂದು ಶ್ರೀಕಾಂತ್ ಎಲ್ಲರೆದುರು ರೇಗಿಸುತ್ತಿದ್ದ. ವಸುಧಾ ಚಪಾತಿ ಬಡಿಸುತ್ತಿದ್ದಳು.

ಮಾರ್ಚ್ ತಿಂಗಳ ಒಂದು ಶನಿವಾರ ಅವನು ಪರೀಕ್ಷೆಗೆ ಬಂದ. ಆಮೇಲೆ ದಿನಸಿಗೆ ಹೋಗುವುದಿತ್ತಂತೆ, ಅವಳೂ ಜೊತೆಗಿದ್ದಳು. ಹೊರಗೆ ಕೂರಿಸಲು ಜಾಗವಿಲ್ಲದೆ ಲ್ಯಾಬಿನ ಗೋಡೆ ಪಕ್ಕದ ಕುರ್ಚಿಯಲ್ಲೇ ಅವಳನ್ನು ಕೂರಿಸಿದೆ. ಶ್ರೀಕಾಂತ್ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಹೊಸ ಮಾಡೆಲ್ಲಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟ. ಆಫೀಸಿನಿಂದ ಫೋನ್ ಬಂತೆಂದು ಅವನು ಎದ್ದು ಹೋದಾಗ ಅವಳ ಮುಖ ನೋಡಿದೆ. ಹುಳಿ ಕಚ್ಚಿದವಳ ಹಾಗೆ ಕೂತಿದ್ದಳು.

"ಯಾಕಮ್ಮಾ?" ಎಂದೆ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಮೂರನೇದು ಬಂದಾಗೆಲ್ಲ ಹೆಣ್ಣುದನಿ ಮೂಗಿನ್ಯಾಗ ಹಾಡ್ತೈತ್ರಿ. ನಮ್ಮಪ್ಪ ಪೇಟಿ ರಿಪೇರಿ ಮಾಡ್ತಾರ. ಹಿತ್ತಾಳಿ ಪಟ್ಟಿ ಸಡಲ ಆದ ಪೇಟಿ ಹಿಂಗ ಅಳತೈತಿ."

ಪೇಟಿ ಅಂದರೆ ಹಾರ್ಮೋನಿಯಂ. ಅಪ್ಪನ ಜೊತೆ ಕೂತು ಅದರ ಹಿತ್ತಾಳೆ ಪಟ್ಟಿಗಳನ್ನು ಅರದಿಂದ ಉಜ್ಜಿ ಶ್ರುತಿಗೆ ತರುತ್ತ ಬೆಳೆದವಳು ಅವಳು. ಮೂರನೆಯದು ನಮ್ಮ ಹೊಸ ಮಾಡೆಲ್. ಶ್ರೀಕಾಂತನ ಫೋನ್ ಮಾತು ಇನ್ನೂ ಮುಗಿದಿರಲಿಲ್ಲ. ಕ್ರಮ ಬದಲಿಸಿ ಬದಲಿಸಿ ಅವಳಿಗೆ ಹನ್ನೆರಡು ಸುತ್ತು ನುಡಿಸಿದೆ. ಹನ್ನೆರಡು ಸಲವೂ ಹೊಸ ಮಾಡೆಲ್ಲನ್ನು ಗುರುತಿಸಿದಳು. ನಡುವಿನ ಕುರ್ಚಿಗೆ ಕೂರಿಸಿ ಮತ್ತೆ ಹನ್ನೆರಡು ಸುತ್ತು ಮಾಡಿದರೆ ಐದು ಸಲ ತಪ್ಪಿದಳು. "ಇಲ್ಲಿ ಅಷ್ಟ ಗೊತ್ತಾಗಂಗಿಲ್ರಿ. ಅಲ್ಲೇ ಬಾಜೂಕ ಕುಂತವರಿಗೆ ತ್ರಾಸ" ಎಂದಳು.

ಆಗ ನನ್ನ ತಲೆಗೆ ಹೊಳೆಯಿತು, ಅಷ್ಟು ತಡವಾಗಿ! ಸ್ಪೀಕರಿನ ಸದ್ದು ನೇರ ಎದುರಿಗೆ ಒಂದು ಥರ, ಪಕ್ಕಕ್ಕೆ ಒಂದು ಥರ ಹೋಗುತ್ತದೆ. ನಾವು ಎದುರಿನಿಂದ ಮೂವತ್ತು ಡಿಗ್ರಿ ಓರೆಯವರೆಗೆ ಅಳೆದು ಕೈ ತೊಳೆದುಕೊಂಡಿದ್ದೆವು. ಮಾರನೆಯ ದಿನವೇ ಮೈಕನ್ನು ಐವತ್ತು ಡಿಗ್ರಿ ಓರೆಗಿಟ್ಟು ಅಳೆದೆ. ಗ್ರಾಫಿನಲ್ಲಿ ಎರಡರಿಂದ ಮೂರು ಸಾವಿರ ಹರ್ಟ್ಸ್ ನಡುವೆ ದೊಡ್ಡ ದಿಬ್ಬ, ಅಂದರೆ ಆ ಭಾಗದ ಸದ್ದು ಮಾತ್ರ ಮಿತಿಮೀರಿ ಜೋರು. ತಪ್ಪು ಕ್ರಾಸ್‌ಓವರ್‌ನಲ್ಲಿತ್ತು. ದಪ್ಪ ಸದ್ದನ್ನು ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರ್ ಕೋನ್‌ಗೆ, ತೆಳು ಸದ್ದನ್ನು ಚಿಕ್ಕದಕ್ಕೆ ಹಂಚುವ ಸರ್ಕ್ಯೂಟ್ ಅದು. ನಡುವಿನ ಕುರ್ಚಿಯಲ್ಲಿ ಕೂತ ಗಂಡನಿಗೆ ಕೇಳದ ಕರ್ಕಶ, ಆ ಕುರ್ಚಿ ಎಂದೂ ಸಿಗದ ಹೆಂಡತಿಗೆ ಕೇಳುತ್ತಿತ್ತು. ಡ್ರಾಯರಿನಿಂದ ಒಂಬತ್ತು ಚೀಟಿಗಳನ್ನು ತೆಗೆದು ಮತ್ತೆ ಓದಿದೆ. ನಾಚಿಕೆಯಾಯಿತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಕೇಳುಗರ ಪಟ್ಟಿಗೆ ಸೇರಲು ಸೋಷಿಯಲ್ ಸೆಕ್ಯೂರಿಟಿ ನಂಬರ್ ಬೇಕಿತ್ತು. ವಸುಧಾ ಬಳಿ ಅದು ಇರಲಿಲ್ಲ. ಪಟ್ಟಿಯಲ್ಲಿಲ್ಲದವರನ್ನು ಪರೀಕ್ಷೆಗೆ ಕೂರಿಸುವುದು ನಿಯಮಕ್ಕೆ ವಿರುದ್ಧ. ಹಾಗಾಗಿ ಅವಳ ಉತ್ತರಗಳನ್ನು ಹದಿನಾಲ್ಕನೇ ಕೇಳುಗನ ಹಾಳೆಯಲ್ಲಿ, ಅಂದರೆ ಶ್ರೀಕಾಂತನ ಹೆಸರಿನಲ್ಲಿ, ಅವನ ಅಂಕಗಳ ಬದಲಿಗೆ ಬರೆದು ಸಹಿ ಹಾಕಿದೆ. ಗಂಡನ ಹೆಸರಾದರೇನು, ಹೆಂಡತಿಯ ಹೆಸರಾದರೇನು, ಒಂದೇ ಮನೆಯಲ್ಲವೇ ಅನ್ನಿಸಿತ್ತು. ಶ್ರೀಕಾಂತನಿಗೂ ಹೇಳಿದೆ. ಮೊದಲು ನಕ್ಕ. ಒಂದು ತಿಂಗಳು ಕಳೆಯುವಷ್ಟರಲ್ಲಿ ತಾನೇ ಕಂಡುಹಿಡಿದೆ ಎಂದು ಗೆಳೆಯರಿಗೆ ವರ್ಣಿಸತೊಡಗಿದ್ದ.

ಮೂರು ವಾರಗಳಲ್ಲಿ ಸರ್ಕ್ಯೂಟ್ ಸರಿಯಾಯಿತು. ನಮ್ಮ ಮ್ಯಾನೇಜರ್ ಗ್ಲೆನ್ ನನ್ನನ್ನು ಕರೆದು, "ಆ ಹದಿನಾಲ್ಕನೇ ಕೇಳುಗ ನಮಗೆ ಬೇಕು. ಲ್ಯಾಬಿನಲ್ಲಿ ಪೂರ್ಣಾವಧಿ ಕೆಲಸ ಕೊಡೋಣ, ವೀಸಾ ಕಂಪನಿಯೇ ಮಾಡಿಸುತ್ತದೆ" ಎಂದ. ನಾನು ಖುಷಿಯಿಂದ ಉಬ್ಬಿ ಹೋದೆ. ಆವತ್ತೇ ವಸುಧಾಗೆ ಫೋನ್ ಮಾಡಿದೆ.

"ಖರೇನ್ರಿ, ಅಕ್ಕಾರ?" ಎಂದಳು. "ಎರಡು ವರ್ಷ ಆತ್ರಿ ಈ ಮನ್ಯಾಗ ಕುಂತು. ಆ ಹಾಳ್ಯಾಗ ನನ್ನ ಹೆಸರು ತಿದ್ದಿ ಬರೀರಿ, ಅಷ್ಟಾದ್ರ ಸಾಕು. ನಾ ನಾಳಿಂದನ ಬರ್ತೀನಿ."

"ನನಗೆ ಬಿಡು, ನಾನು ನೋಡ್ಕೋತೀನಿ" ಎಂದೆ.

ನೋಡಿಕೊಂಡೆ, ನನ್ನನ್ನು ಮಾತ್ರ. ಒಂದು ಹಾಳೆ ಸುಳ್ಳಾದರೆ ಇಡೀ ಪರೀಕ್ಷೆ ರದ್ದಾಗುತ್ತದೆ, ಬಿಡುಗಡೆ ಮುಂದೆ ಹೋಗುತ್ತದೆ, ಸಹಿ ಹಾಕಿದವಳು ಮನೆಗೆ ಹೋಗುತ್ತಾಳೆ. ನಾನು ಮುಖ್ಯಸ್ಥೆಯ ಹುದ್ದೆಗೆ ಬರಲು ಹನ್ನೊಂದು ವರ್ಷ ಬೇಕಾಗಿತ್ತು. ಮೂರು ದಿನ ಒದ್ದಾಡಿದೆ. ನಾಲ್ಕನೆಯ ದಿನ ಗ್ಲೆನ್‌ನ ಕೋಣೆಗೆ ಹೋಗಿ, "ಹದಿನಾಲ್ಕನೇ ಕೇಳುಗನಿಗೆ ಈ ಕೆಲಸ ಬೇಡವಂತೆ" ಎಂದೆ. ಅಷ್ಟೇ. ವಸುಧಾಗೆ ಫೋನ್ ಮಾಡಿ ಆ ಹುದ್ದೆಯನ್ನೇ ಕಂಪನಿ ಕೈಬಿಟ್ಟಿತು ಎಂದೆ. "ಹೋಗ್ಲಿ ಬಿಡ್ರಿ ಅಕ್ಕಾರ, ನೀವು ಪ್ರಯತ್ನ ಪಟ್ರಲ್ಲ" ಎಂದು ನನಗೇ ಸಮಾಧಾನ ಹೇಳಿದಳು ಆ ಹುಡುಗಿ!

ಜೂನ್‌ನಲ್ಲಿ ಡಾಲಸ್‌ನ ಹೋಟೆಲೊಂದರಲ್ಲಿ ಅಂಗಡಿಯವರಿಗಾಗಿ ಪ್ರದರ್ಶನವಿತ್ತು. ಶ್ರೀಕಾಂತ್ ತಾನೂ ಬರುತ್ತೇನೆಂದು ದುಂಬಾಲು ಬಿದ್ದ, ವಸುಧಾಳನ್ನೂ ಕರೆತಂದ. ಅವನ ಕಾರಿನಲ್ಲೇ ಮೂವರೂ ಹೋದೆವು. ಹೆಸರಿನ ಬಿಲ್ಲೆ ನೋಡಿದ ಗ್ಲೆನ್ ನೇರವಾಗಿ ಬಂದು ಶ್ರೀಕಾಂತನ ಕೈ ಕುಲುಕಿದ. "ನಿನ್ನ ಕಿವಿ ನಮ್ಮನ್ನು ಉಳಿಸಿತು. ಆ ಕೆಲಸ ನೀನು ಬೇಡವೆಂದದ್ದು ನನಗೆ ಇವತ್ತಿಗೂ ಬೇಸರ. ಜಾಗ ಇನ್ನೂ ಖಾಲಿ ಇತ್ತು, ಹೋದ ವಾರವಷ್ಟೇ ಬೇರೆಯವರಿಗೆ ಕೊಟ್ಟೆ" ಎಂದ.

ವಸುಧಾ ಪಕ್ಕದಲ್ಲೇ ನಿಂತಿದ್ದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ನನ್ನ ಮುಖವನ್ನೊಮ್ಮೆ ನೋಡಿದಳು. ಶ್ರೀಕಾಂತ್ ಒಂದು ಕ್ಷಣ ತಬ್ಬಿಬ್ಬಾದವನು, ನಕ್ಕು, "ಥ್ಯಾಂಕ್ ಯೂ" ಎಂದ. ನಾನು ಬಾಯಿ ತೆರೆಯಬಹುದಿತ್ತು. ಗ್ಲೆನ್ ಎರಡಡಿ ದೂರದಲ್ಲಿದ್ದ. ತೆರೆಯಲಿಲ್ಲ.

ಮಧ್ಯಾಹ್ನ ಹೊರಟೆವು. ಡಾಲಸ್‌ನಿಂದ ಆಸ್ಟಿನ್‌ಗೆ ಮೂರು ಗಂಟೆಯ ದಾರಿ. ವಸುಧಾ ಹಿಂದಿನ ಸೀಟಿನಲ್ಲಿದ್ದಳು. ಎಲ್ಲವನ್ನೂ ನಾನೇ ಹೇಳಿದೆ, ಗ್ಲೆನ್‌ಗೆ ಹೇಳಿದ್ದನ್ನೂ ಅವಳಿಗೆ ಹೇಳಿದ ಸುಳ್ಳನ್ನೂ. ಮೊದಲು ಮಾತಾಡಿದ್ದು ಶ್ರೀಕಾಂತ್.

"ಹೋಗ್ಲಿ ಬಿಡಿ ಮೇಡಂ. ಇವಳು ಕೆಲಸಕ್ಕೆ ಹೋದ್ರೆ ಮನೆ ಯಾರು ನೋಡ್ತಾರೆ? ಹೇಗೂ ಹೆಸರು ನಮ್ಮನೇಲೇ ಇದೆಯಲ್ಲ."

ಅದು ನಾನು ಹಾಳೆಗೆ ಸಹಿ ಹಾಕುವಾಗ ಅಂದುಕೊಂಡ ಮಾತೇ. ಅವನ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ಆದರೆ ಯಾವ ಮುಖ ಇಟ್ಟುಕೊಂಡು ಅವನನ್ನು ಬೈಯಲಿ?

ಅರ್ಧ ದಾರಿಯಲ್ಲಿರುವ ವೇಕೋ ಊರು ದಾಟಿದ ಮೇಲೆ ವಸುಧಾ ಮಾತಾಡಿದಳು. ದನಿ ಏರಿಸಲಿಲ್ಲ.

"ಇವರು ನನ್ನ ಮಾತು ನಂಬಂಗಿಲ್ಲ, ಅದು ಹಳೇದು, ರೂಢಿ ಆಗೈತಿ. ನೀವು ನಂಬಿದ್ರಿ, ಅಕ್ಕಾರ. ಹನ್ನೆರಡು ಸಲ ಪರೀಕ್ಷಾ ಮಾಡಿ ನಂಬಿದ್ರಿ. ನಂಬಿದ ಮ್ಯಾಲೆ, ನನ್ನ ಪರವಾಗಿ ಬ್ಯಾಡ ಅಂದ್ರಿ."

ಆ ದಿನದ ಮೇಲೆ ಅವಳು ನನ್ನ ಫೋನ್ ಎತ್ತಲಿಲ್ಲ. ಮೂರು ಸಲ ಮಾಡಿ ನಾನೂ ಬಿಟ್ಟೆ.

ಮಾರನೆಯ ದಿನ ಹೋಗಿ ಗ್ಲೆನ್‌ಗೆ ಸತ್ಯ ಹೇಳಿದೆ ಎಂದು ಬರೆಯಲು ನನಗೂ ಆಸೆಯಿದೆ. ಹೇಳಲಿಲ್ಲ. ಮಾಡೆಲ್ ಚೆನ್ನಾಗಿ ಮಾರಾಟವಾಯಿತು, ನನಗೆ ಪ್ರಮೋಷನ್ ಆಯಿತು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಗೋಡೆ ಪಕ್ಕದ ಕುರ್ಚಿಯಿಂದಲೂ ಪರೀಕ್ಷೆ ಕಡ್ಡಾಯವಾಯಿತು, ಆ ನಿಯಮಕ್ಕಾಗಿ ಹೊಗಳಿಸಿಕೊಂಡವಳೂ ನಾನೇ. ನಿವೃತ್ತಳಾಗುವವರೆಗೆ ಹೊಸದಾಗಿ ಸೇರಿದವರಿಗೆಲ್ಲ ಪಾಠ ಮಾಡಿದ್ದೇನೆ: ಹೆಂಡತಿಯರ ದೂರನ್ನು ಡ್ರಾಯರಿಗೆ ಹಾಕಬೇಡಿ, ಅವರು ಕೂತ ಜಾಗಕ್ಕೆ ಮೈಕ್ ಒಯ್ಯಿರಿ ಎಂದು. ಎಲ್ಲರೂ ಬರೆದುಕೊಳ್ಳುತ್ತಿದ್ದರು.

ಆದರೆ ಕೆಲಸ ನನಗೆ ಕಲಿಸಿದ ಪಾಠ ಅದಲ್ಲ, ಅದನ್ನು ಯಾವ ತರಗತಿಯಲ್ಲೂ ಹೇಳಲಿಲ್ಲ. ಶ್ರೀಕಾಂತ್ ಮತ್ತು ಮೀಟಿಂಗಿನಲ್ಲಿ ನಕ್ಕವರು ಆ ಹುಡುಗಿಯನ್ನು ಕಡೆಗಣಿಸಿದ್ದು ಅವಳ ಬೆಲೆ ಗೊತ್ತಿಲ್ಲದೆ. ಅವಳಿಗೆ ನಿಜವಾದ ಕೇಡು ಮಾಡಿದವಳು ನಾನು. ನನಗೆ ಗೊತ್ತಿತ್ತು.